ಒಂದೇ ವಿಷ, ಎರಡು ಹರಳು: ಪೊಟ್ಟಣದ ಮೇಲೆ ಬರೆಯದ ಸಂಗತಿ

ಬೆಂಗಳೂರು: ಅಡುಗೆಮನೆಯ ಕಟ್ಟೆಯ ಅಂಚಿನಲ್ಲಿ ಇರುವೆ ಸಾಲು ಕಂಡೊಡನೆ ಸೀಮೆಸುಣ್ಣದಂಥ ಬಿಳಿಯ ಕಡ್ಡಿ ತೆಗೆದು ಗೆರೆ ಎಳೆಯುವುದು ನಗರದ ಮನೆಗಳಿಗೆ ಹೊಸದಲ್ಲ. ಗೆರೆ ದಾಟಿದ ಇರುವೆ ಸ್ವಲ್ಪ ದೂರ ಸಾಗಿ, ತಡವರಿಸಿ, ಕಾಲು ಮೇಲಾಗಿ ಬೀಳುತ್ತದೆ. ಆ ಕಡ್ಡಿಗಳಲ್ಲಿ ಸಾಮಾನ್ಯವಾಗಿ ಬಳಸುವ ವಿಷದ ಹೆಸರು ಡೆಲ್ಟಾಮೆಥ್ರಿನ್. ಮಲೇರಿಯಾ ಪೀಡಿತ ಊರುಗಳಲ್ಲಿ ಆರೋಗ್ಯ ಇಲಾಖೆಯ ಸಿಬ್ಬಂದಿ ಮನೆಗೋಡೆಗಳಿಗೆ ಸಿಂಪಡಿಸುವ ಪುಡಿಗಳಲ್ಲಿಯೂ, ಸರ್ಕಾರ ಹಂಚುವ ಹಲವು ಸೊಳ್ಳೆಪರದೆಗಳ ನೂಲಿನಲ್ಲಿಯೂ ಇರುವುದು ಇದೇ ವಸ್ತು. ಸುಮಾರು ಐದು ದಶಕಗಳಿಂದ ಜಗತ್ತು ಬಲ್ಲ ಈ ಕೀಟನಾಶಕದ ಬಗ್ಗೆ ತಿಳಿಯಬೇಕಾದುದೆಲ್ಲ ತಿಳಿದಾಗಿದೆ ಎಂದೇ ಎಲ್ಲರೂ ಭಾವಿಸಿದ್ದರು.

2020ರ ಅಕ್ಟೋಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕೆಯಲ್ಲಿ ಪ್ರಕಟವಾದ ಸಂಶೋಧನಾ ಲೇಖನವೊಂದು ಈ ಭಾವನೆಯನ್ನು ಅಲುಗಿಸಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿಗಳಾದ ಬಾರ್ಟ್ ಕಾರ್ ಮತ್ತು ಮೈಕೆಲ್ ವಾರ್ಡ್ ಅವರ ತಂಡ ಮಾಡಿದ್ದು ಕೇಳಲು ತೀರಾ ಸರಳವಾದ ಕೆಲಸ. ಮಾರುಕಟ್ಟೆಯಲ್ಲಿ ದೊರೆಯುವ ಡೆಲ್ಟಾಮೆಥ್ರಿನ್ ಅನ್ನು ಅವರು ಕೆಲವು ನಿಮಿಷ 110 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಕರಗಿದ ಮೇಲೆ ಕೋಣೆಯ ಉಷ್ಣತೆಗೆ ಆರಲು ಬಿಟ್ಟರು. ಅದು ಮತ್ತೆ ಗಟ್ಟಿಯಾದಾಗ ಹಳೆಯ ಹರಳುಗಳ ಬದಲು, ಒಂದೇ ಬಿಂದುವಿನಿಂದ ಸುತ್ತಲೂ ಚಾಚಿಕೊಂಡ ಸೂಕ್ಷ್ಮ ಎಳೆಗಳಂಥ ಬೇರೊಂದು ಬಗೆಯ ಹರಳು ಮೂಡಿತ್ತು. ಆ ಹರಳಿನ ಮೇಲೆ ನಡೆದಾಡಿದ ಅನಾಫಿಲಿಸ್ ಮತ್ತು ಈಡಿಸ್ ಸೊಳ್ಳೆಗಳು ಹಳೆಯ ಹರಳಿನ ಮೇಲೆ ನಡೆದಾಡಿದವುಗಳಿಗಿಂತ 12 ಪಟ್ಟುವರೆಗೆ ವೇಗವಾಗಿ ಸತ್ತವು.

ಹೊಸ ರಾಸಾಯನಿಕವನ್ನೇನೂ ಬೆರೆಸಿರಲಿಲ್ಲ. ಒಂದು ಪರಮಾಣು ಕೂಡ ಬದಲಾಗಿರಲಿಲ್ಲ. ಬದಲಾದದ್ದು ಅಣುಗಳು ಸಾಲುಗೂಡಿ ನಿಂತ ರೀತಿ ಮಾತ್ರ. ಕೀಟನಾಶಕವನ್ನು ನೋಂದಾಯಿಸುವಾಗ, ಕೊಳ್ಳುವಾಗ, ಸಿಂಪಡಿಸುವಾಗ ವಸ್ತುವಿನ ಹೆಸರನ್ನೂ ಶೇಕಡಾ ಪ್ರಮಾಣವನ್ನೂ ನೋಡಿದರೆ ಸಾಕೆಂಬ ನಮ್ಮ ರೂಢಿ ಎಷ್ಟು ಸರಿ ಎಂಬ ಪ್ರಶ್ನೆ ಇಲ್ಲಿಂದಲೇ ಆರಂಭವಾಗುತ್ತದೆ. ಈ ಪ್ರಶ್ನೆ ಪ್ರಯೋಗಾಲಯಕ್ಕಷ್ಟೇ ಸೀಮಿತವಾದುದಲ್ಲ. 2030ರ ವೇಳೆಗೆ ಮಲೇರಿಯಾವನ್ನು ನಿರ್ಮೂಲ ಮಾಡುವ ಗುರಿ ಇಟ್ಟುಕೊಂಡಿರುವ ಭಾರತಕ್ಕೆ ಇದು ನೇರವಾಗಿ ಸಂಬಂಧಿಸಿದ್ದು.

ಹೂವಿನಿಂದ ಹರಳಿಗೆ

ಡೆಲ್ಟಾಮೆಥ್ರಿನ್‌ನ ಕುಲದ ಮೂಲ ಒಂದು ಹೂವು. ಸೇವಂತಿಗೆಯ ಬಳಗಕ್ಕೆ ಸೇರಿದ ಪೈರೆಥ್ರಮ್ ಗಿಡದ ಒಣಗಿದ ಹೂವಿನ ಪುಡಿಗೆ ಕೀಟಗಳನ್ನು ಕೆಡಹುವ ಶಕ್ತಿ ಇದೆಯೆಂಬುದು ಬಹು ಹಿಂದಿನಿಂದ ತಿಳಿದ ವಿಷಯ. ಆದರೆ ಆ ಸಹಜ ವಿಷ ಬಿಸಿಲಿಗೆ ಬಿದ್ದರೆ ಬೇಗನೆ ನಿಷ್ಫಲವಾಗುತ್ತದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮೈಕೆಲ್ ಎಲಿಯಟ್ ಮತ್ತು ಸಂಗಡಿಗರು ಅದರ ರಚನೆಯನ್ನು ಅನುಸರಿಸುತ್ತ, ಬಿಸಿಲಿಗೆ ಜಗ್ಗದ ಕೃತಕ ರೂಪಗಳನ್ನು ಹುಡುಕಿದರು. 1973ರಲ್ಲಿ ಪರ್ಮೆಥ್ರಿನ್ ಬಂತು. 1974ರಲ್ಲಿ ಅದಕ್ಕಿಂತ ಹಲವು ಪಟ್ಟು ಪ್ರಬಲವಾದ, ಮುಂದೆ ಡೆಲ್ಟಾಮೆಥ್ರಿನ್ ಎಂದು ಹೆಸರಾದ ವಸ್ತು ಬಂತು.

ಈ ವಸ್ತುವಿನ ಹುಟ್ಟಿನಲ್ಲೇ ಹರಳಿನ ಪಾತ್ರವಿತ್ತೆಂಬುದು ಗಮನಾರ್ಹ. ಒಂದು ಡೆಲ್ಟಾಮೆಥ್ರಿನ್ ಅಣುವಿನಲ್ಲಿ 22 ಇಂಗಾಲ, 19 ಜಲಜನಕ, 3 ಆಮ್ಲಜನಕ, 2 ಬ್ರೋಮಿನ್ ಮತ್ತು 1 ಸಾರಜನಕ ಪರಮಾಣುಗಳಿವೆ. ಎಡಗೈಗೂ ಬಲಗೈಗೂ ಇರುವಂಥ ತಿರುವುಮುರುವಿನ ವ್ಯತ್ಯಾಸ ಈ ಅಣುವಿನ ಮೂರು ಜಾಗಗಳಲ್ಲಿ ಸಾಧ್ಯ. ಹಾಗಾಗಿ ಇದೇ ಪರಮಾಣುಗಳನ್ನು ಇದೇ ಕ್ರಮದಲ್ಲಿ ಜೋಡಿಸಿದರೂ ಎಂಟು ಬೇರೆ ಬೇರೆ ಆಕಾರಗಳು ದೊರೆಯುತ್ತವೆ. ಅವುಗಳಲ್ಲಿ ಅತ್ಯಂತ ಪ್ರಬಲವಾದುದು ಒಂದು. ರಾಥಮ್‌ಸ್ಟೆಡ್‌ನ ವಿಜ್ಞಾನಿಗಳ ಅದೃಷ್ಟವೆಂಬಂತೆ ಆ ಒಂದು ಆಕಾರ ಮಿಶ್ರಣದ ದ್ರಾವಣದಿಂದ ತಾನೇ ಹರಳುಗಟ್ಟಿ ಬೇರ್ಪಟ್ಟಿತು. 1975ರಲ್ಲಿ ಆ ಹರಳಿನ ಮೂಲಕ ಎಕ್ಸ್-ಕಿರಣಗಳನ್ನು ಹಾಯಿಸಿ, ಅವು ಚದುರಿದ ಬಗೆಯನ್ನು ಅಳೆದು, ಅಣುವಿನ ನಿಜವಾದ ಆಕಾರ ಯಾವುದೆಂದು ನಿರ್ಧರಿಸಲಾಯಿತು. ವಿಷದ ಶಕ್ತಿ ಪರಮಾಣುಗಳ ಲೆಕ್ಕದಲ್ಲಿಲ್ಲ, ಆಕಾರದಲ್ಲಿದೆ ಎಂಬ ಮೊದಲ ಪಾಠ ಇದು.

ನಮ್ಮ ರೈತರು ಬಿಎಚ್‌ಸಿ ಪುಡಿ ಎಂಬ ಹೆಸರಿನಿಂದ ಬಲ್ಲ ಹಳೆಯ ಕೀಟನಾಶಕದಲ್ಲೂ ಇದೇ ಪಾಠವಿತ್ತು. ಅದರ ಹಲವು ಅಣುರೂಪಗಳ ಪೈಕಿ ಕೀಟಗಳನ್ನು ಕೊಲ್ಲುವ ಶಕ್ತಿ ಇದ್ದದ್ದು ಪ್ರಧಾನವಾಗಿ ಗಾಮಾ ಎಂಬ ಒಂದಕ್ಕೆ. ಉಳಿದವು ಕೀಟವನ್ನು ಕೊಲ್ಲದೆ ಮಣ್ಣಿನಲ್ಲಿ ಉಳಿದುಕೊಳ್ಳುತ್ತಿದ್ದವು. ದಶಕಗಳ ಬಳಕೆಯ ನಂತರ, 1997ರಲ್ಲಿ ಆ ಪುಡಿಯನ್ನು ದೇಶದಲ್ಲಿ ನಿಷೇಧಿಸಲಾಯಿತು.

ಇಟ್ಟಿಗೆ ಒಂದೇ, ಗೋಡೆ ಬೇರೆ

ನ್ಯೂಯಾರ್ಕ್ ತಂಡ ಕಲಿಸಿದ್ದು ಎರಡನೆಯ ಪಾಠ. ಅಣುವಿನ ಆಕಾರವೂ ಒಂದೇ ಆಗಿರುವಾಗ, ಆ ಅಣುಗಳು ಒಂದರ ಪಕ್ಕದಲ್ಲೊಂದು ನಿಲ್ಲುವ ರೀತಿಯೇ ಪರಿಣಾಮವನ್ನು ಬದಲಿಸಬಲ್ಲದು ಎಂಬುದು ಅದರ ಸಾರ.

ಒಂದೇ ಗೂಡಿನಲ್ಲಿ ಸುಟ್ಟ ಇಟ್ಟಿಗೆಗಳನ್ನು ಇಬ್ಬರು ಗಾರೆ ಕೆಲಸದವರಿಗೆ ಕೊಟ್ಟೆವೆಂದುಕೊಳ್ಳೋಣ. ಒಬ್ಬರು ಸಂದುಗಳು ಒಂದರ ಮೇಲೊಂದು ಬಾರದಂತೆ ಒತ್ತಾಗಿ ಕಟ್ಟುತ್ತಾರೆ. ಇನ್ನೊಬ್ಬರು ನಡುನಡುವೆ ಜಾಗ ಬಿಟ್ಟು ಸಡಿಲವಾಗಿ ಪೇರಿಸುತ್ತಾರೆ. ಇಟ್ಟಿಗೆ ಒಂದೇ ಆದರೂ ಮೊದಲ ಗೋಡೆಯಿಂದ ಒಂದು ಇಟ್ಟಿಗೆ ಕೀಳುವುದು ಕಷ್ಟ, ಎರಡನೆಯದರಿಂದ ಕೀಳುವುದು ಸುಲಭ. ಹರಳಿನಲ್ಲಿ ಆಗುವುದೂ ಹೆಚ್ಚುಕಡಿಮೆ ಹೀಗೆಯೇ. ಒಂದೇ ವಸ್ತು ಹಲವು ಬಗೆಯ ಹರಳುಗಳಾಗುವ ಈ ಗುಣವನ್ನು ವಿಜ್ಞಾನಿಗಳು ಬಹುರೂಪತೆ ಎನ್ನುತ್ತಾರೆ. ಇಂಗಾಲವೊಂದೇ ವಜ್ರವೂ ಆಗುತ್ತದೆ, ಪೆನ್ಸಿಲ್ ಕಡ್ಡಿಯ ಗ್ರಾಫೈಟೂ ಆಗುತ್ತದೆ ಎಂದು ಶಾಲೆಯಲ್ಲಿ ಓದಿದವರಿಗೆ ಈ ವಿಚಾರ ತೀರಾ ಅಪರಿಚಿತವಲ್ಲ.

ಡೆಲ್ಟಾಮೆಥ್ರಿನ್‌ನ ಹಳೆಯ ಹರಳನ್ನು ಒಂದನೆಯ ರೂಪವೆಂದೂ ಹೊಸದನ್ನು ಎರಡನೆಯ ರೂಪವೆಂದೂ ಕರೆಯಲಾಗಿದೆ. ಒಂದನೆಯದು ಹೆಚ್ಚು ಸ್ಥಿರ. ಅಣುಗಳು ಅದರಲ್ಲಿ ನೆಮ್ಮದಿಯಾಗಿ ಕುಳಿತಿವೆ. ಎರಡನೆಯದರಲ್ಲಿ ಅವುಗಳ ಹಿಡಿತ ಸಡಿಲ, ಹರಳನ್ನು ಬಿಟ್ಟು ಹೊರಡಲು ಅವು ಸಿದ್ಧವಾಗಿರುತ್ತವೆ. ಅಸ್ಥಿರವೆಂದರೆ ಕೂಡಲೇ ಹಾಳಾಗುತ್ತದೆ ಎಂದೇನೂ ಅರ್ಥವಲ್ಲ. ಮೂರು ತಿಂಗಳು ಇಟ್ಟ ಮೇಲೂ ಹೊಸ ರೂಪ ತನ್ನ ವೇಗವನ್ನು ಉಳಿಸಿಕೊಂಡಿತ್ತೆಂದು ಸಂಶೋಧಕರು ವರದಿ ಮಾಡಿದ್ದಾರೆ.

ಸೊಳ್ಳೆಯ ಕಾಲಿನಿಂದ ನರದವರೆಗೆ

ಅಣು ಹರಳನ್ನು ಬಿಡುವ ಸುಲಭಕ್ಕೂ ಸೊಳ್ಳೆಯ ಸಾವಿಗೂ ಏನು ಸಂಬಂಧ? ಇದನ್ನು ತಿಳಿಯಲು ಗೋಡೆಯ ಮೇಲಿನ ವಿಷ ಕೆಲಸ ಮಾಡುವ ಹಾದಿಯನ್ನು ನೋಡಬೇಕು.

ಮಲೇರಿಯಾ ಹರಡುವ ಹಲವು ಜಾತಿಯ ಸೊಳ್ಳೆಗಳು ರಕ್ತ ಕುಡಿದ ಮೇಲೆ ಮನೆಯೊಳಗಿನ ಗೋಡೆಯ ಮೇಲೆ ವಿಶ್ರಮಿಸುತ್ತವೆ. ಸಿಂಪಡಿಸಿದ ನೀರು ಆರಿದ ಬಳಿಕ ಗೋಡೆಯಲ್ಲಿ ಉಳಿಯುವುದು ಕೀಟನಾಶಕದ ಸೂಕ್ಷ್ಮ ಹರಳುಗಳು. ಸೊಳ್ಳೆಯ ಪಾದ ಅವನ್ನು ಸೋಕುತ್ತದೆ. ಪಾದದ ಹೊರಪದರ ಮೇಣದಂಥ ವಸ್ತುವಿನಿಂದ ಕೂಡಿದ್ದು, ಡೆಲ್ಟಾಮೆಥ್ರಿನ್ ನೀರಿನಲ್ಲಿ ಕರಗದಿದ್ದರೂ ಮೇಣದಲ್ಲಿ ಕರಗುತ್ತದೆ. ಹರಳಿನಿಂದ ಕಳಚಿಕೊಂಡ ಅಣುಗಳು ಮೇಣವನ್ನು ಹಾಯ್ದು ದೇಹದೊಳಕ್ಕೆ ಇಳಿಯುತ್ತವೆ. ಈ ಪಯಣದಲ್ಲಿ ನಿಧಾನದ ಹಂತ ಮೊದಲನೆಯದು, ಅಂದರೆ ಹರಳಿನಿಂದ ಕಳಚಿಕೊಳ್ಳುವುದು. ಅದು ವೇಗವಾದರೆ ಒಳಹೋಗುವ ವಿಷದ ಪ್ರಮಾಣವೂ ವೇಗವಾಗಿ ಏರುತ್ತದೆ.

ಒಳಗೆ ಹೋದ ಅಣು ಹುಡುಕುವುದು ನರತಂತುವಿನ ಪೊರೆಯಲ್ಲಿರುವ ಸೋಡಿಯಂ ನಾಲೆಗಳನ್ನು. ಇವು ಪ್ರೋಟೀನಿನಿಂದಾದ ಪುಟ್ಟ ಬಾಗಿಲುಗಳು. ನರಸಂದೇಶ ಬಂದಾಗ ಬಾಗಿಲು ಕ್ಷಣಕಾಲ ತೆರೆದು ಸೋಡಿಯಂ ಕಣಗಳನ್ನು ಒಳಬಿಟ್ಟು ತಟ್ಟನೆ ಮುಚ್ಚಿಕೊಳ್ಳಬೇಕು. ಡೆಲ್ಟಾಮೆಥ್ರಿನ್ ಅಣು ಬಾಗಿಲಿನ ಸಂದಿಯಲ್ಲಿ ಸಿಕ್ಕಿಕೊಂಡು ಅದು ಮುಚ್ಚದಂತೆ ತಡೆಯುತ್ತದೆ. ಪರಿಣಾಮವಾಗಿ ನರಗಳ ನಿಯಂತ್ರಣ ತಪ್ಪುತ್ತದೆ. ಮೊದಲು ನಡುಕ, ಆಮೇಲೆ ಪಾರ್ಶ್ವವಾಯು, ಕೊನೆಗೆ ಸಾವು. ಇರುವೆ ತಡವರಿಸಿ ಬೀಳುವುದರ ಹಿಂದಿನ ಕಾರಣ ಇದೇ.

ಮನುಷ್ಯನ ನರಗಳಲ್ಲೂ ಇಂಥ ನಾಲೆಗಳಿವೆ. ಆದರೆ ನಮ್ಮ ದೇಹ ಈ ವಸ್ತುವನ್ನು ಬೇಗನೆ ಒಡೆದು ಹೊರಹಾಕುತ್ತದೆ. ನಮ್ಮ ನಾಲೆಗಳು ಕೀಟಗಳ ನಾಲೆಗಳಷ್ಟು ಸೂಕ್ಷ್ಮವೂ ಅಲ್ಲ. ಮನುಷ್ಯರ ವಾಸದ ಮನೆಯೊಳಗೆ ಇದನ್ನು ಮಿತವಾಗಿ ಬಳಸಲು ಅವಕಾಶ ದೊರೆತಿರುವುದು ಈ ವ್ಯತ್ಯಾಸದಿಂದ. ಮೀನುಗಳಿಗೂ ಜೇನುನೊಣಗಳಿಗೂ ಈ ರಕ್ಷಣೆಯಿಲ್ಲ. ಅವುಗಳ ಪಾಲಿಗೆ ಡೆಲ್ಟಾಮೆಥ್ರಿನ್ ಅತಿ ಸಣ್ಣ ಪ್ರಮಾಣದಲ್ಲೂ ಮಾರಕ.

ಡಿಡಿಟಿ ಬಿಟ್ಟುಹೋದ ಸಾಲ

ಇದೇ ಸೋಡಿಯಂ ನಾಲೆಯ ಮೇಲೆ ದಾಳಿ ಮಾಡುವ ಇನ್ನೊಂದು ವಿಷದ ಹೆಸರು ಪ್ರತಿಯೊಬ್ಬರಿಗೂ ಗೊತ್ತು. ಅದು ಡಿಡಿಟಿ. 1874ರಲ್ಲಿ ಒಥ್ಮಾರ್ ಸೈಡ್ಲರ್ ತಯಾರಿಸಿ ಮರೆತುಹೋದ ಈ ವಸ್ತುವಿನ ಕೀಟನಾಶಕ ಗುಣವನ್ನು 1939ರಲ್ಲಿ ಸ್ವಿಟ್ಜರ್ಲೆಂಡಿನ ಪೌಲ್ ಮುಲ್ಲರ್ ಕಂಡುಹಿಡಿದರು. 1948ರ ವೈದ್ಯಕೀಯ ನೊಬೆಲ್ ಅವರಿಗೆ ಸಂದಿತು.

ಕನ್ನಡ ನಾಡಿಗೂ ಡಿಡಿಟಿಗೂ ಹಳೆಯ ನಂಟು. ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದಂತೆ, ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಮತ್ತು ಕೆನರಾ ಜಿಲ್ಲೆಗಳ ಹಳ್ಳಿಗಳಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮನೆಗೋಡೆಗಳಿಗೆ ಡಿಡಿಟಿ ಸಿಂಪಡಿಸುವ ಕಾರ್ಯ ನಡೆಯಿತು. ದೇಶದಲ್ಲಿ ಇಂಥ ಕೆಲಸದ ಮೊದಲ ದೊಡ್ಡ ಪ್ರಯೋಗಗಳಲ್ಲಿ ಇದೊಂದು. ಸ್ವಾತಂತ್ರ್ಯ ಬಂದ ವರ್ಷ ದೇಶದಲ್ಲಿ ಮಲೇರಿಯಾಕ್ಕೆ ತುತ್ತಾಗುತ್ತಿದ್ದವರು ಸುಮಾರು 7.5 ಕೋಟಿ, ಸಾಯುತ್ತಿದ್ದವರು ಸುಮಾರು 8 ಲಕ್ಷ ಎಂಬುದು ಅಂದಿನ ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನಾ ಕಾರ್ಯಕ್ರಮ ಆರಂಭವಾದವು. 1960ರ ದಶಕದ ಮೊದಲ ವರ್ಷಗಳಲ್ಲಿ ಪ್ರಕರಣಗಳು ಲಕ್ಷದ ಆಸುಪಾಸಿಗೆ ಇಳಿದು, ರೋಗ ಮುಗಿಯಿತೆಂದೇ ಎಲ್ಲರೂ ನಂಬಿದರು. ಆದರೆ 1976ರಲ್ಲಿ ಪ್ರಕರಣಗಳ ಸಂಖ್ಯೆ 64 ಲಕ್ಷ ದಾಟಿತು.

ಸೋಲಿಗೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದುದು ಸೊಳ್ಳೆಗಳು ಬೆಳೆಸಿಕೊಂಡ ಪ್ರತಿರೋಧ. ಇದು ಎರಡು ಬಗೆಯದು. ಮೊದಲನೆಯದರಲ್ಲಿ ಸೋಡಿಯಂ ನಾಲೆಯ ಸುಮಾರು 2,000 ಅಮೈನೋ ಆಮ್ಲಗಳ ಪೈಕಿ ಒಂದೇ ಒಂದು ಬದಲಾಗಿ, ವಿಷದ ಅಣುವಿಗೆ ಕೂರಲು ಜಾಗವೇ ಸಿಗದಂತಾಗುತ್ತದೆ. ಡಿಡಿಟಿಯೂ ಡೆಲ್ಟಾಮೆಥ್ರಿನ್ನೂ ಇದೇ ನಾಲೆಯನ್ನು ಆಶ್ರಯಿಸಿರುವುದರಿಂದ ಒಂದಕ್ಕೆ ಬೆಳೆಸಿಕೊಂಡ ಪ್ರತಿರೋಧ ಇನ್ನೊಂದರ ವಿರುದ್ಧವೂ ಕೆಲಸಕ್ಕೆ ಬರುತ್ತದೆ. ಅಜ್ಜ ಮಾಡಿದ ಸಾಲವನ್ನು ಮೊಮ್ಮಗ ತೀರಿಸುವಂತೆ, ಡಿಡಿಟಿ ಬಿಟ್ಟುಹೋದ ಹೊರೆಯನ್ನು ಡೆಲ್ಟಾಮೆಥ್ರಿನ್ ಹೊರುತ್ತಿದೆ.

ಎರಡನೆಯ ಬಗೆಯಲ್ಲಿ ಸೊಳ್ಳೆಯ ದೇಹ ವಿಷವನ್ನು ಒಡೆಯುವ ಕಿಣ್ವಗಳನ್ನು ಹೆಚ್ಚು ಉತ್ಪಾದಿಸುತ್ತದೆ. ಹೊಸ ಹರಳು ಉಪಯೋಗಕ್ಕೆ ಬರಬಹುದಾದುದು ಮುಖ್ಯವಾಗಿ ಇಲ್ಲಿ. ತಳದಲ್ಲಿ ತೂತಿರುವ ಕೊಡಕ್ಕೆ ಸಣ್ಣಗೆ ನೀರು ಬಿಟ್ಟರೆ ಅದು ಎಂದಿಗೂ ತುಂಬುವುದಿಲ್ಲ. ಸೋರುವುದಕ್ಕಿಂತ ಹೆಚ್ಚು ವೇಗವಾಗಿ ಸುರಿದರೆ ತುಂಬುತ್ತದೆ. ಕಿಣ್ವಗಳು ಒಡೆಯುವುದಕ್ಕಿಂತ ವೇಗವಾಗಿ ವಿಷ ಒಳಸೇರಿದರೆ ಪ್ರತಿರೋಧವುಳ್ಳ ಸೊಳ್ಳೆಯೂ ಸಾಯಬೇಕು. 2023ರಲ್ಲಿ ಪ್ರಕಟವಾದ ಅದೇ ತಂಡದ ಮುಂದಿನ ಅಧ್ಯಯನ ಇದಕ್ಕೆ ಪುಷ್ಟಿ ನೀಡಿತು. ಪ್ರತಿರೋಧ ಬೆಳೆಸಿಕೊಂಡ ಅನಾಫಿಲಿಸ್ ಸೊಳ್ಳೆಗಳ ಮೇಲೂ ಎರಡನೆಯ ರೂಪವೇ ಹೆಚ್ಚು ಪರಿಣಾಮಕಾರಿಯಾಗಿ ಕಂಡುಬಂತು.

ಡೆಲ್ಟಾಮೆಥ್ರಿನ್ ಒಂಟಿ ಉದಾಹರಣೆಯಲ್ಲ. ಇದೇ ತಂಡ 2017ರಲ್ಲಿ ಡಿಡಿಟಿಯ ಎರಡನೆಯ ಹರಳುರೂಪವೊಂದನ್ನು ಗುರುತಿಸಿ, ಅದೂ ಹಳೆಯದಕ್ಕಿಂತ ಬೇಗ ಕೊಲ್ಲುತ್ತದೆಂದು ತೋರಿಸಿತ್ತು. 2019ರಲ್ಲಿ ಡಿಡಿಟಿಯ ಫ್ಲೋರಿನ್‌ಯುಕ್ತ ಸೋದರನೊಂದು ಎರಡರಿಂದ ನಾಲ್ಕು ಪಟ್ಟು ವೇಗವಾಗಿ ಕೆಲಸ ಮಾಡುವುದನ್ನು ದಾಖಲಿಸಿತು. ಯುದ್ಧಕಾಲದಲ್ಲಿ ಜರ್ಮನರು ಬಳಸಿದ್ದ ಆ ವಸ್ತುವಿನ ಬಗ್ಗೆ ಅವರು ಹೇಳಿದ್ದನ್ನು ಗೆದ್ದ ರಾಷ್ಟ್ರಗಳ ಅಧಿಕಾರಿಗಳು ಅಂದು ತಳ್ಳಿಹಾಕಿದ್ದರು. 2021ರಲ್ಲಿ ಇಮಿಡಾಕ್ಲೋಪ್ರಿಡ್‌ನ ಹೊಸ ಹರಳುರೂಪವೊಂದು ಸೊಳ್ಳೆಗಳನ್ನು ಒಂಬತ್ತು ಪಟ್ಟು ವೇಗವಾಗಿ ಕೊಂದಿತು. ದಶಕಗಟ್ಟಲೆ ಟನ್ನುಗಟ್ಟಲೆ ಚೆಲ್ಲಿದ ವಿಷಗಳ ಹರಳುಗಳನ್ನು ಜಗತ್ತು ಸರಿಯಾಗಿ ನೋಡಿಯೇ ಇರಲಿಲ್ಲ ಎನ್ನದೆ ವಿಧಿಯಿಲ್ಲ.

ಔಷಧಕ್ಕೊಂದು ನೋಟ, ವಿಷಕ್ಕೊಂದು ನೋಟ

ಔಷಧ ಕ್ಷೇತ್ರದಲ್ಲಿ ಈ ಉದಾಸೀನ ಎಂದೋ ಮುಗಿದಿದೆ. 1998ರಲ್ಲಿ ಎಚ್‌ಐವಿ ಸೋಂಕಿಗೆ ಕೊಡುತ್ತಿದ್ದ ರಿಟೊನಾವಿರ್ ಔಷಧದಲ್ಲಿ ಯಾರೂ ನಿರೀಕ್ಷಿಸದ ಹೊಸ ಹರಳುರೂಪ ಕಾಣಿಸಿಕೊಂಡಿತು. ಅದು ಹಳೆಯದಕ್ಕಿಂತ ಕಡಿಮೆ ಕರಗುತ್ತಿತ್ತು. ಕ್ಯಾಪ್ಸೂಲುಗಳನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡು, ಔಷಧವನ್ನು ಬೇರೆ ಬಗೆಯಲ್ಲಿ ತಯಾರಿಸಬೇಕಾಯಿತು. ಅಂದಿನಿಂದ ಮಾತ್ರೆಯೊಳಗಿನ ಹರಳಿನ ರೂಪ ಔಷಧ ಕಂಪನಿಗಳಿಗೂ ನಿಯಂತ್ರಣ ಸಂಸ್ಥೆಗಳಿಗೂ ಪ್ರಾಣಸಂಕಟದ ವಿಷಯ.

ಭಾರತದ ನ್ಯಾಯಾಲಯಗಳಿಗೂ ಹರಳು ಹೊಸದಲ್ಲ. ರಕ್ತದ ಕ್ಯಾನ್ಸರಿನ ಇಮಾಟಿನಿಬ್ ಔಷಧದ ಬೀಟಾ ಎಂಬ ಹರಳುರೂಪಕ್ಕೆ ಪೇಟೆಂಟ್ ಬೇಕೆಂದು ನೊವಾರ್ಟಿಸ್ ಕಂಪನಿ ನಡೆಸಿದ ಹೋರಾಟವನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. 2005ರಲ್ಲಿ ತಿದ್ದುಪಡಿಯಾದ ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನ ಪ್ರಕಾರ, ಗೊತ್ತಿರುವ ವಸ್ತುವಿನ ಹೊಸ ಹರಳುರೂಪ ಹೊಸ ವಸ್ತುವಲ್ಲ. ಪರಿಣಾಮದಲ್ಲಿ ಗಣನೀಯ ವ್ಯತ್ಯಾಸವಿದ್ದರಷ್ಟೇ ಅದಕ್ಕೆ ಬೇರೆ ಸ್ಥಾನ. ಬಡ ರೋಗಿಗಳ ಕೈಗೆಟುಕುವ ಔಷಧವನ್ನು ಉಳಿಸಿದ ಈ ತೀರ್ಪು ಜಗತ್ತಿನಾದ್ಯಂತ ಚರ್ಚೆಗೆ ಒಳಗಾಯಿತು.

ಕೀಟನಾಶಕದ ಹರಳು ಈ ಅಳತೆಗೋಲಿನ ಮುಂದೆ ಬಂದರೆ ಚಿತ್ರ ಬೇರೆಯಾಗಬಹುದು. ಕೀಟನಾಶಕದ ಪರಿಣಾಮವೆಂದರೆ ಕೀಟವನ್ನು ಕೊಲ್ಲುವುದು. 12 ಪಟ್ಟುವರೆಗಿನ ವೇಗವನ್ನು ಗಣನೀಯ ವ್ಯತ್ಯಾಸವಲ್ಲವೆಂದು ವಾದಿಸುವುದು ಸುಲಭವಲ್ಲ. ಹಾಗಾದಲ್ಲಿ ಕಾಯಿಸಿ ಆರಿಸಿದಷ್ಟರಿಂದಲೇ ದೊರೆಯುವ ಹರಳೊಂದು ಯಾರದೋ ಏಕಸ್ವಾಮ್ಯವಾಗುವ ಸಾಧ್ಯತೆ ಇದೆ. ಸೊಳ್ಳೆಪರದೆಯನ್ನೂ ಗೋಡೆಯ ಪುಡಿಯನ್ನೂ ಕೊಳ್ಳುವುದು ಬಹುಮಟ್ಟಿಗೆ ಸರ್ಕಾರವಾದ್ದರಿಂದ ಅದರ ಬೆಲೆ ಸಾರ್ವಜನಿಕ ಬೊಕ್ಕಸದಿಂದಲೇ ಹೋಗಬೇಕು.

ನಿಯಂತ್ರಣದ ಕಡೆಗೆ ನೋಡಿದರೆ ಚಿತ್ರ ಹಳೆಯದೇ. ನಮ್ಮ ಕೀಟನಾಶಕ ಕಾಯ್ದೆ 1968ರದ್ದು. ಅದರ ಹಿನ್ನೆಲೆಯಲ್ಲಿರುವುದು 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಆಹಾರ ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತ ದುರಂತ. ಅಂದಿನ ಚಿಂತೆ ವಿಷ ಎಷ್ಟು ಘೋರ, ಅದನ್ನು ಹೇಗೆ ಸಾಗಿಸಬೇಕು, ಯಾರು ಮಾರಬೇಕು ಎಂಬುದಾಗಿತ್ತು. ಪೊಟ್ಟಣದ ಮೇಲೆ ವಸ್ತುವಿನ ಹೆಸರು, ಶೇಕಡಾ ಪ್ರಮಾಣ, ವಿಷದ ತೀವ್ರತೆ ಸೂಚಿಸುವ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ಇವೆಲ್ಲ ಇರುತ್ತವೆ. ಒಳಗಿರುವ ಹರಳು ಯಾವ ರೂಪದ್ದು ಎಂಬ ಮಾತು ಅಲ್ಲಿ ಕಾಣುವುದಿಲ್ಲ. ಕೇಂದ್ರ ಸರ್ಕಾರ 2020ರ ಮೇ ತಿಂಗಳಿನಲ್ಲಿ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಅಧಿಸೂಚನೆ ಹೊರಡಿಸಿದಾಗ ಆ ಪಟ್ಟಿಯಲ್ಲಿ ಡೆಲ್ಟಾಮೆಥ್ರಿನ್ ಹೆಸರೂ ಇತ್ತು. ಆಗ ನಡೆದ ಪರವಿರೋಧದ ಚರ್ಚೆಯೂ ವಸ್ತುವನ್ನು ಇಡಿಯಾಗಿ ಉಳಿಸಬೇಕೇ, ತೆಗೆಯಬೇಕೇ ಎಂಬುದರ ಸುತ್ತಲೇ ತಿರುಗಿತು.

ಪ್ರಮಾಣ ತಗ್ಗಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಮಲೇರಿಯಾ ಕಾರ್ಯಕ್ರಮದ ಮಾರ್ಗಸೂಚಿಗಳಲ್ಲೇ ನಿದರ್ಶನವಿದೆ. ಗೋಡೆಯ ಒಂದು ಚದರ ಮೀಟರಿಗೆ ಡಿಡಿಟಿ ಬೇಕಾದದ್ದು 1 ಗ್ರಾಂ. ಡೆಲ್ಟಾಮೆಥ್ರಿನ್ ಬೇಕಾದದ್ದು 20 ಮಿಲಿಗ್ರಾಂ. ಐವತ್ತು ಪಟ್ಟು ಕಡಿಮೆ ವಿಷ ಅದೇ ಕೆಲಸವನ್ನು ಮಾಡುತ್ತದೆ. ಹರಳಿನ ರೂಪ ಬದಲಿಸಿ ಇದನ್ನು ಇನ್ನಷ್ಟು ಇಳಿಸಲು ಸಾಧ್ಯವಾದರೆ, ಗೋಡೆಯ ಬಳಿ ಮಲಗುವ ಮಗುವಿಗೂ ಪಂಪು ಹೊತ್ತು ಸಿಂಪಡಿಸುವ ಕಾರ್ಮಿಕನಿಗೂ ಮನೆಯ ಹಿಂದಿನ ಕೆರೆಯ ಮೀನಿಗೂ ಒಳಿತು. ಆದರೆ ವಿಷದ ಪ್ರಮಾಣವನ್ನು ತಗ್ಗಿಸದೆ ವೇಗವನ್ನಷ್ಟೇ ಹೆಚ್ಚಿಸಿ, ಅದನ್ನೇ ಜಾಹೀರಾತಿನ ಮಾತಾಗಿಸಿದರೆ ಈ ಲಾಭ ಯಾರಿಗೂ ಸಿಗದು.

ಎಚ್ಚರದ ಮಾತುಗಳು

ಉತ್ಸಾಹಕ್ಕೆ ಕಡಿವಾಣ ಹಾಕುವ ಸಂಗತಿಗಳೂ ಇವೆ. ಮೊದಲನೆಯದಾಗಿ, ಹರಳಿನ ಲೆಕ್ಕಾಚಾರ ಹರಳು ಇರುವಲ್ಲಿ ಮಾತ್ರ ನಡೆಯುತ್ತದೆ. ನಗರದ ಮನೆಗಳಲ್ಲಿ ಪ್ಲಗ್ಗಿಗೆ ಸಿಕ್ಕಿಸಿ ಉರಿಸುವ ದ್ರವದ ಯಂತ್ರಗಳಲ್ಲಿ ವಿಷ ಆವಿಯಾಗಿ ಗಾಳಿಗೆ ಸೇರುತ್ತದೆ. ಹೊಲದಲ್ಲಿ ಗಿಡದ ರಸಕ್ಕೆ ಸೇರಿ ಕೆಲಸ ಮಾಡುವ ಔಷಧಗಳದ್ದೂ ಬೇರೆ ದಾರಿ. ಗೋಡೆ, ಪುಡಿ, ಪರದೆ, ಸೀಮೆಸುಣ್ಣ ಹೀಗೆ ಕೀಟ ಕಾಲೂರಿ ನಿಲ್ಲುವ ಕಡೆಗಳಲ್ಲಿಯೇ ಹರಳಿನ ರೂಪ ಮುಖ್ಯವಾಗುವುದು.

ಎರಡನೆಯದಾಗಿ, ಪ್ರಯೋಗಾಲಯದ ಗಾಜಿನ ತಟ್ಟೆಗೂ ಸುಣ್ಣ ಬಳಿದ ಮಣ್ಣಿನ ಗೋಡೆಗೂ ಅಜಗಜಾಂತರ. ಮಳೆಗಾಲದ ತೇವ, ಬೇಸಿಗೆಯ ಧಗೆ, ಗೋಡೆಯ ಧೂಳು ಇವುಗಳ ನಡುವೆ ಸಡಿಲ ಹರಳು ಮತ್ತೆ ಬಿಗಿ ಹರಳಾಗಿ ಮಾರ್ಪಡದೆ ಎಷ್ಟು ಕಾಲ ಉಳಿದೀತೆಂಬುದನ್ನು ಹಳ್ಳಿಯ ಮನೆಗಳಲ್ಲೇ ಪರೀಕ್ಷಿಸಬೇಕು. ಮೂರನೆಯದಾಗಿ, ಸೊಳ್ಳೆಯೊಳಗೆ ವೇಗವಾಗಿ ಇಳಿಯುವ ಹರಳು ಮನುಷ್ಯನ ಚರ್ಮ ಮತ್ತು ಶ್ವಾಸದ ಮೇಲೆ ಏನು ಮಾಡುತ್ತದೆಂಬ ಪರೀಕ್ಷೆ ಹೊಸದಾಗಿಯೇ ನಡೆಯಬೇಕು. ಹಳೆಯ ರೂಪಕ್ಕೆ ಸಿಕ್ಕ ಸುರಕ್ಷತೆಯ ಪತ್ರವನ್ನು ಹೊಸದಕ್ಕೆ ಅಂಟಿಸಿ ಕೈತೊಳೆದುಕೊಳ್ಳುವಂತಿಲ್ಲ. ನಾಲ್ಕನೆಯದಾಗಿ, ನಾಲೆಯೇ ಬದಲಾದ ಸೊಳ್ಳೆಯ ಎದುರು ಯಾವ ವೇಗವೂ ಶಾಶ್ವತ ಅಸ್ತ್ರವಲ್ಲ. ಕೀಟಗಳು ಇಂದಿನವರೆಗೆ ಪ್ರತಿಯೊಂದು ವಿಷಕ್ಕೂ ಉತ್ತರ ಹುಡುಕಿವೆ.

ಓದುಗರು ಇದನ್ನು ಮನೆಯಲ್ಲಿ ಪ್ರಯೋಗಿಸಿ ನೋಡುವ ಸಾಹಸಕ್ಕೆ ಎಂದೂ ಇಳಿಯಬಾರದು. ಕೀಟನಾಶಕವನ್ನು ಒಲೆಯ ಮೇಲೆ ಕಾಯಿಸಿದರೆ ಎದ್ದ ಹೊಗೆ ಮೊದಲು ಸೇರುವುದು ಕಾಯಿಸಿದವರ ಶ್ವಾಸಕೋಶವನ್ನೇ.

ನಮ್ಮ ಮನೆಯ ಮುಂದಿನ ಪ್ರಶ್ನೆ

2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸತ್ತವರು 5.97 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅವರಲ್ಲಿ ಬಹುಪಾಲು ಆಫ್ರಿಕಾದ ಮಕ್ಕಳು. ಭಾರತದಲ್ಲಿ ರೋಗ ಗಣನೀಯವಾಗಿ ಇಳಿದಿರುವುದು ನಿಜ. ಆದರೆ 1960ರ ದಶಕದಲ್ಲೂ ಹೀಗೆಯೇ ಇಳಿದಿತ್ತೆಂಬುದನ್ನು ಮರೆಯಬಾರದು. 1990ರ ದಶಕದಲ್ಲಿ ಕಟ್ಟಡ ನಿರ್ಮಾಣದ ಭರಾಟೆಯ ನಡುವೆ ಮಂಗಳೂರಿನಲ್ಲಿ ಮಲೇರಿಯಾ ಮರಳಿ ಬೇರೂರಿದ್ದನ್ನು ಕರಾವಳಿಯ ಜನ ಬಲ್ಲರು. ಅಲ್ಲಿ ರೋಗ ಹರಡಿದ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ನಗರವಾಸಿ ಸೊಳ್ಳೆ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿಕೊಂಡಿತು. ಆ ವರ್ಷ 27 ಪ್ರಕರಣಗಳಿದ್ದ ಆ ಪುಟ್ಟ ದೇಶದಲ್ಲಿ 2020ರ ವೇಳೆಗೆ ಪ್ರಕರಣಗಳು 73 ಸಾವಿರ ದಾಟಿದವು.

ಇಂಥ ಶತ್ರುವಿನ ಎದುರು ಹೊಸ ವಿಷವನ್ನು ಹುಡುಕಿ, ಪರೀಕ್ಷಿಸಿ, ಬಳಕೆಗೆ ತರಲು ಹತ್ತಾರು ವರ್ಷ ಬೇಕು. ಕೈಯಲ್ಲಿರುವ ವಿಷದ ಹರಳನ್ನು ಸರಿಯಾಗಿ ನೋಡಲು ಅಷ್ಟು ಕಾಲ ಬೇಡ. ಪುಡಿಯೊಂದರಲ್ಲಿರುವ ಹರಳು ಯಾವ ರೂಪದ್ದೆಂದು ಎಕ್ಸ್-ಕಿರಣದ ಉಪಕರಣದಲ್ಲಿ ಕೆಲವೇ ಗಂಟೆಗಳಲ್ಲಿ ತಿಳಿಯಬಹುದು. ಹರಳುಗಳಲ್ಲಿ ಅಣುಗಳ ಜೋಡಣೆಯನ್ನು ಬೇಕಾದಂತೆ ರೂಪಿಸುವ ಶಾಸ್ತ್ರಕ್ಕೆ ಜಗತ್ತಿನ ಮಟ್ಟದಲ್ಲಿ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಗೌತಮ್ ದೇಸಿರಾಜು ಅವರು ಕೆಲಸ ಮಾಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ. ಬೇಕಾದ ವಿದ್ಯೆ ನಮ್ಮ ಊರಿನಲ್ಲೇ ಇದೆ.

ಹಾಗಾದರೆ ಆಗಬೇಕಾದದ್ದೇನು? ಕೀಟನಾಶಕವನ್ನು ನೋಂದಾಯಿಸುವಾಗ ಹರಳಿನ ರೂಪವನ್ನೂ ಘೋಷಿಸುವಂತೆ ಕೇಳಬೇಕು. ಮಲೇರಿಯಾ ಕಾರ್ಯಕ್ರಮಕ್ಕಾಗಿ ಸರ್ಕಾರ ಪುಡಿ ಮತ್ತು ಪರದೆಗಳನ್ನು ಕೊಳ್ಳುವಾಗ ಶೇಕಡಾ ಪ್ರಮಾಣದೊಂದಿಗೆ ರೂಪವನ್ನೂ ಪರೀಕ್ಷಿಸಬೇಕು. ಹೊಸ ರೂಪದ ಕ್ಷೇತ್ರ ಪರೀಕ್ಷೆಯನ್ನು ಮಾರುವವರ ಕೈಗೆ ಬಿಡದೆ ಸಾರ್ವಜನಿಕ ಸಂಸ್ಥೆಗಳೇ ನಡೆಸಿ ಫಲಿತಾಂಶವನ್ನು ಜನರ ಮುಂದಿಡಬೇಕು. ಇವು ಯಾವುವೂ ಭಾರೀ ವೆಚ್ಚದ ಕೆಲಸಗಳಲ್ಲ.

ಧಾರವಾಡದ ಹಳ್ಳಿಯ ಗೋಡೆಗಳಿಗೆ ಡಿಡಿಟಿ ಬಿದ್ದು ಎಂಟು ದಶಕಗಳೇ ಆಗುತ್ತ ಬಂದವು. ಅಷ್ಟು ಕಾಲವೂ ನಾವು ವಿಷವನ್ನು ತೂಕದಿಂದಲೇ ಅಳೆಯುತ್ತ ಬಂದಿದ್ದೇವೆ. ಸೊಳ್ಳೆಗೆ ತೂಕ ತಿಳಿಯದು. ಅದರ ಪಾದಕ್ಕೆ ಸೋಕುವುದು ಹರಳು. ಆ ಹರಳು ಎಂಥದೆಂಬುದನ್ನು ಕೊಳ್ಳುವವರು ತಿಳಿದುಕೊಳ್ಳುವವರೆಗೆ, ಕಡಿಮೆ ವಿಷದಲ್ಲಿ ಆಗಬಹುದಾದ ಕೆಲಸಕ್ಕೆ ನಾವು ಹೆಚ್ಚು ವಿಷವನ್ನು ಚೆಲ್ಲುತ್ತಿದ್ದೇವೆಯೇ ಎಂಬ ಪ್ರಶ್ನೆ ಪ್ರತಿ ಮನೆಯ ಗೋಡೆಯ ಮೇಲೂ ಉಳಿದೇ ಇರುತ್ತದೆ.